ಮಾವನಿಗೆ ಬೈದರೆ ಬೀದಿಗೆಲ್ಲ ನೀರು

ನನ್ನ ಸೋದರಮಾವನಿಗೆ ಯಾರಾದರೂ ಚೆನ್ನಾಗಿ ಬೈದರೆ ಸಾಕು, ಗುಂಡ್ಲುಪೇಟೆಯ ನಮ್ಮ ಬೀದಿಗೆಲ್ಲ ಅವತ್ತು ಹಬ್ಬ! ನಂಬಿಕೆ ಬರುವುದಿಲ್ಲ ಅಲ್ಲವೇ? ನನಗೂ ಮೊದಲು ಬಂದಿರಲಿಲ್ಲ. ಒಬ್ಬರು ಬೈದರೆ ಇನ್ನೊಬ್ಬರು ತಿರುಗಿ ಬೈಯುತ್ತಾರೆ, ಆಮೇಲೆ ಇಬ್ಬರೂ ಮುಖ ಊದಿಸಿಕೊಂಡು ಒಂದೊಂದು ಮೂಲೆ ಹಿಡಿಯುತ್ತಾರೆ, ರಾತ್ರಿಯ ಸಾರಿಗೆ ಉಪ್ಪು ಬೀಳುವುದಿಲ್ಲ. ನಾನು ಹುಟ್ಟಿದಾಗಿನಿಂದ ಕಂಡ ಪದ್ಧತಿ ಇದು. ಮಾವನ ಮನೆಯಲ್ಲಿ ಮಾತ್ರ ಅವರು ಬೈಸಿಕೊಂಡು ಬಂದ ದಿನ ಬಚ್ಚಲ ಹಂಡೆ ತುಂಬುತ್ತಿತ್ತು, ಅಡುಗೆಮನೆಯ ಕೊಡಗಳು ತುಂಬುತ್ತಿದ್ದವು, ಹಿತ್ತಲ ಕಲ್ಲುತೊಟ್ಟಿ ತುಂಬಿ ಬಾಳೆಯ ಪಾತಿಗೆ ನೀರು ಹರಿಯುತ್ತಿತ್ತು. ಅಕ್ಕಪಕ್ಕದ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿರುತ್ತಿದ್ದರು.

ಮಾವ ಬಸ್‌ಸ್ಟ್ಯಾಂಡಿನಲ್ಲಿ ಒಂದು ಖಾಸಗಿ ಬಸ್ಸಿನ ಏಜೆಂಟರಾಗಿದ್ದರು. ಟಿಕೆಟ್ಟು ಕೊಡುವುದು, ಸೀಟು ತೋರಿಸುವುದು, ಬಸ್ಸು ಯಾಕೆ ಬಂದಿಲ್ಲ ಎಂದು ಹೇಳುವುದು, ಇಷ್ಟು ಕೆಲಸ. ಐವತ್ತರ ದಶಕದ ನಡುಭಾಗ. ರಾಜ್ಯ ಒಂದಾಗುತ್ತದಂತೆ ಎಂದು ಪೇಪರಿನಲ್ಲಿ ದಿನವೂ ಬರುತ್ತಿತ್ತು. ಬಸ್ಸು ಮಾತ್ರ ದಿನವೂ ಬರುತ್ತಿರಲಿಲ್ಲ! ಮೈಸೂರಿನಿಂದ ಬರಬೇಕಾದದ್ದು ನಂಜನಗೂಡಿನಲ್ಲಿ ಕೆಟ್ಟು ನಿಂತಿರುತ್ತಿತ್ತು, ಊಟಿಯಿಂದ ಇಳಿಯಬೇಕಾದದ್ದು ಘಾಟಿಯಲ್ಲಿ ಬಿಸಿಯಾಗಿ ಕೂತಿರುತ್ತಿತ್ತು. ಕೆಟ್ಟ ಬಸ್ಸು ಕಣ್ಣಿಗೆ ಬೀಳುವುದಿಲ್ಲ, ಮುಂದೆ ಇರುವ ಮಾವ ಬೀಳುತ್ತಾರೆ. ಹಾಗಾಗಿ ಕನ್ನಡ, ತಮಿಳು, ಮಲಯಾಳ, ಈ ಮೂರೂ ಭಾಷೆಯಲ್ಲಿ ಇರುವ ಬೈಗುಳವೆಲ್ಲ ಬೆಳಗಿನಿಂದ ಸಂಜೆಯವರೆಗೆ ಅವರ ಕಿವಿಗೆ ಬೀಳುತ್ತಿತ್ತು.

ಬೈಗುಳ ಶುರುವಾದ ಕೂಡಲೇ ಮಾವ ಕನ್ನಡಕ ತೆಗೆದು, ಮಡಿಸಿ, ಜೇಬಿಗೆ ಇಟ್ಟುಕೊಳ್ಳುತ್ತಿದ್ದರು. ಹೊಡೆತ ಬಿದ್ದೀತೆಂಬ ಭಯಕ್ಕಿರಬೇಕು ಎಂದು ನೋಡಿದವರು ಅಂದುಕೊಳ್ಳುತ್ತಿದ್ದರು. ಅದಲ್ಲ! ಕನ್ನಡಕ ತೆಗೆದರೆ ಅವರಿಗೆ ಎದುರಿನವರ ಮುಖ ಕಾಣುತ್ತಿರಲಿಲ್ಲ.

"ಮೊಕ ಕಂಡ್ರೆ ಕ್ವಾಪ ಬತ್ತದೆ ಕಣಮ್ಮಿ," ಎಂದು ನನಗೆ ಹೇಳುತ್ತಿದ್ದರು. "ಅವರ ಉಬ್ಬು, ಮೀಸೆ, ಅಲ್ಲು ಕಡಿಯೋದು, ಅದ್ನೆಲ್ಲ ಯಾಕೆ ನೋಡ್ಬೇಕು? ದನಿ ಕೇಳುದ್ರೆ ಸಾಕು. ಮೊಕ ಸುಳ್ಳೇಳ್ತದೆ, ದನಿ ಏಳಕಿಲ್ಲ."

ಬೈಯುವವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಮಾವ ಬಲು ವಿನಯದಿಂದ ಕೇಳುತ್ತಿದ್ದರು: "ಎಲ್ಲಾ ಆಯ್ತಾ ಸ್ವಾಮಿ? ಇನ್ನೂ ಉಳಿದಿದ್ರೆ ಇಲ್ಲೇ ಬೈದ್ಬುಡಿ. ಅರ್ಧ ಒಟ್ಟೇಲಿ ಇಟ್ಕಂಡು ಬಸ್ಸತ್ತುದ್ರೆ ಘಾಟೀಲಿ ತೊಂದ್ರೆ ಆಯ್ತದೆ."

ಇದನ್ನು ಕೇಳಿದ ಮೇಲೆ ಯಾರಿಗೆ ತಾನೇ ಬೈಯುವ ಉತ್ಸಾಹ ಉಳಿದೀತು? ಒಬ್ಬರು ತಮಿಳು ದಲ್ಲಾಳಿ ಹೀಗೆ ಅರ್ಧಕ್ಕೆ ನಿಂತುಹೋಗಿ, ಏನು ಮಾಡಲೂ ತೋಚದೆ, ಮಾವನ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡು, ಬಸ್ಸು ಬರುವವರೆಗೆ ತಮ್ಮ ಮೂಲವ್ಯಾಧಿಯ ಕತೆ ಹೇಳಿಕೊಂಡರಂತೆ. ಬೈಗುಳವೇ ವಾಸಿಯಾಗಿತ್ತು ಎಂದು ಮಾವ ಆಮೇಲೆ ಮನೆಯಲ್ಲಿ ಹೇಳಿದರು.

ಹಾಗಾದರೆ ಇವರಿಗೆ ಕೋಪವೇ ಬರುತ್ತಿರಲಿಲ್ಲವೇ? ಇವರೇನು ಸಂತರೇ? ಖಂಡಿತ ಅಲ್ಲ! ಸಂಜೆ ಮನೆಗೆ ಬಂದವರು ಚಪ್ಪಲಿ ಬಿಟ್ಟು, ಅಂಗಿ ಕಳಚಿ, ಯಾರ ಜೊತೆಗೂ ಒಂದು ಮಾತಾಡದೆ ನೇರ ಹಿತ್ತಲಿಗೆ ಹೋಗುತ್ತಿದ್ದರು. ಅಲ್ಲಿ ಬಾವಿ. ಒಳ್ಳೇ ಆಳದ ಬಾವಿ, ಹಗ್ಗ ಇಳಿಯುತ್ತಲೇ ಇರುತ್ತಿತ್ತು. ಮಾವ ಪಂಚೆ ಎತ್ತಿ ಕಟ್ಟಿ ನೀರು ಸೇದಲು ನಿಂತರೆ ರಾಟೆ ಕಿರ್ರೋ ಎಂದು ಕೂಗಿಕೊಳ್ಳುವುದು ಮೂರು ಮನೆ ಆಚೆಗೂ ಕೇಳುತ್ತಿತ್ತು. ಒಂದು ಕೊಡ, ಎರಡು ಕೊಡ, ಎಂಟು, ಹತ್ತು. ನಮ್ಮ ಕಡೆ ಗಂಡಸರು ನೀರು ಸೇದುವುದೇ ಅಪರೂಪ. ಹೆಂಡತಿ ಬಾಣಂತಿಯಾದಾಗಲೂ ಕೊಡ ಮುಟ್ಟದವರು ನಮ್ಮ ಬೀದಿಯಲ್ಲೇ ಇದ್ದರು. ಅವರೆಲ್ಲ ಮಾವನನ್ನು ನೋಡಿ ನಗುತ್ತಿದ್ದರು, ಅವರ ಹೆಂಡಿರು ಮಾತ್ರ ನಗುತ್ತಿರಲಿಲ್ಲ.

ಅತ್ತೆ ರಾಟೆಯ ಸದ್ದು ಕೇಳಿಯೇ ಲೆಕ್ಕ ಹಾಕುತ್ತಿದ್ದರು. ಐದು ಕೊಡವಾದರೆ ದಿನದ ಮಾಮೂಲು ಬೈಗುಳ. ಹತ್ತು ದಾಟಿದರೆ ಯಾರೋ ತಾಯಿಯ ಹೆಸರು ಎತ್ತಿದ್ದಾರೆ. ಇಪ್ಪತ್ತಾದರೆ ಬಸ್ಸಿನ ಮಾಲೀಕರೇ ಬಂದು ಹೋಗಿದ್ದಾರೆ ಎಂದು ಅರ್ಥ! ಆದರೂ ಅತ್ತೆಗೆ ಒಂದು ಕೊರಗಿತ್ತು.

"ಮದ್ವೆ ಆಗಿ ಇಪ್ಪತ್ತು ವರ್ಸ ಆಯ್ತು ಕಣಮ್ಮಿ. ಒಂದ್ ಜಗಳಾನೂ ಪೂರ್ತಿ ಆಡಿಲ್ಲ! ನಾನು ಎಲ್ಲಾ ಜೋಡುಸ್ಕಂಡು ಸುರು ಮಾಡ್ತೀನಿ. ಅರ್ಧಕ್ಕೆ ತಿರುಗಿ ನೋಡುದ್ರೆ ಇವ್ರು ಬಾವಿ ತಾವ ಅವ್ರೆ. ಬಾವಿ ಜೊತೆ ಜಗಳ ಆಡಕಾಯ್ತದಾ?"

"ನೀನ್ ಬೈದ ದಿನ ನೀರು ಸಿಹಿ ಇರ್ತದಲ್ಲ, ಅದ್ಕೆ," ಎಂದು ಮಾವ ಅಲ್ಲಿಂದಲೇ ಕೂಗುತ್ತಿದ್ದರು. ಅತ್ತೆಗೆ ನಗು ಬಂದು ಆ ಜಗಳವೂ ಹಾಳಾಗುತ್ತಿತ್ತು.

ಬೇಸಿಗೆಯಲ್ಲಿ ಬಾವಿಯ ನೀರು ಇನ್ನೂ ಕೆಳಗೆ ಹೋಗುತ್ತಿತ್ತು. ಆಗ ಬೀದಿಯ ಹೆಂಗಸರು ಒಂದು ಉಪಾಯ ಕಂಡುಕೊಂಡರು. ನೇರವಾಗಿ ಬಂದು ಬೈಯುವುದು! ಪಕ್ಕದ ಮನೆಯಲ್ಲಿ ಮದುವೆ ಗೊತ್ತಾಗಿತ್ತು. ಆ ಮನೆಯ ಸೊಸೆ ಒಂದು ಸಂಜೆ ನಮ್ಮ ಹೊಸಲಿನ ಆಚೆ ನಿಂತು, ಸೆರಗು ಎಳೆದುಕೊಂಡು, ನೆಲ ನೋಡುತ್ತ, "ಅಣ್ಣ... ನೀವು... ನೀವು ಬಲು ಕೆಟ್ಟೋರು ಕಣಣ್ಣ," ಎಂದಳು. ಅಷ್ಟು ಹೇಳುವುದರಲ್ಲಿ ಪಾಪ, ಅವಳ ಹಣೆ ಬೆವರಿತ್ತು.

ಮಾವ ಕನ್ನಡಕ ತೆಗೆಯುವ ಕಷ್ಟವನ್ನೂ ಪಡಲಿಲ್ಲ. "ಇಷ್ಟೇನಾ? ಇದ್ಕೆ ಅರ್ಧ ಕೊಡಾನೂ ಬರಕಿಲ್ವಲ್ಲವ್ವ. ಓಗ್ಲಿ, ನಿಮ್ಮತ್ತೇನ ಕಳ್ಸು. ಆವಮ್ಮಂಗೆ ಸಂದಾಗಿ ಬತ್ತದೆ."

ಆ ಸೊಸೆಯ ಅತ್ತೆ ಬಂದರು. ಬಂದವರು ಏನು ಸಾಮಾನ್ಯರೇ! ಮಾವನ ಬಸ್ಸಿನಿಂದ ಹಿಡಿದು ಅವರ ತಾತನ ಕಾಲದ ಎತ್ತಿನ ಗಾಡಿಯವರೆಗೆ ಯಾವುದನ್ನೂ ಬಿಡದೆ, ಕೈ ತಿರುಗಿಸಿ ತಿರುಗಿಸಿ, ಬಿಸಿಲಿಳಿಯುವವರೆಗೆ ಬೈದರು. ಮಾವ ಮದುವೆಮನೆಗೆ ಬೇಕಾದ ನೀರನ್ನೆಲ್ಲ ಸೇದಿ ಕೊಟ್ಟರು. ಅದರಲ್ಲಿ ಇನ್ನೊಂದು ಲಾಭವೂ ಆಯಿತು. ಒಳಗಿದ್ದದ್ದೆಲ್ಲ ಖಾಲಿಯಾಗಿ ಆ ಮುದುಕಮ್ಮ ಒಂದು ತಿಂಗಳು ಸೊಸೆಗೆ ಒಂದು ಮಾತೂ ಅನ್ನಲಿಲ್ಲವಂತೆ! ಸೊಸೆ ಆಮೇಲೆ ಕಡುಬು ಮಾಡಿದಾಗಲೆಲ್ಲ ಮಾವನಿಗೆ ಒಂದು ತಟ್ಟೆ ಬರುತ್ತಿತ್ತು.

ಇಂಥ ಮನೆಗೆ ನಾನು ಹೋಗಿ ಸೇರಿದೆ. ನಾನು ಎಂಥವಳು ಎಂದು ಈಗ ಹೇಳಲೇಬೇಕು. ಚಾಮರಾಜನಗರದಲ್ಲಿ ನಮ್ಮಪ್ಪನದು ಜವಳಿ ಅಂಗಡಿ. ಅಪ್ಪನ ಬಾಯಿ ದೊಡ್ಡದು, ನನ್ನ ಬಾಯಿ ಅದಕ್ಕಿಂತ ಒಂದು ಗೇಣು ದೊಡ್ಡದು. ಅಪ್ಪ ಒಂದು ಅಂದರೆ ನಾನು ಎರಡು. ನಮ್ಮಮ್ಮ ನಮ್ಮಿಬ್ಬರ ನಡುವೆ ನಿಂತು, "ಸಾಕು ಬುಡ್ರಪ್ಪ," ಎಂದು ಹೇಳುವುದರಲ್ಲೇ ಅರ್ಧ ಆಯುಸ್ಸು ಕಳೆದಿದ್ದರು. ಮೈಸೂರಿನಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ ನನಗೆ ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ಅಪ್ಪನಿಗೆ ಸುತರಾಂ ಇಷ್ಟವಿಲ್ಲ. ನಮ್ಮ ಜನದಲ್ಲಿ ಆಗ ಮದುವೆಯಾಗದ ಹುಡುಗಿ ಇನ್ನೊಂದು ಊರಿನಲ್ಲಿ ಕೆಲಸ ಮಾಡುವುದೆಂದರೆ ನೆಂಟರಿಗೆಲ್ಲ ಎಲೆಯಡಿಕೆಯ ಜೊತೆ ಜಗಿಯುವುದಕ್ಕೆ ಒಂದು ವಿಷಯ. ಮೂರು ದಿನ ನಾನು ಊಟ ಬಿಟ್ಟ ಮೇಲೆ ಅಪ್ಪ ಒಂದು ಷರತ್ತು ಹಾಕಿ ಒಪ್ಪಿದರು.

"ನಿಮ್ಮ ಮಾವನ ಮನೇಲಿರು. ಆದ್ರೆ ನಿನ್ನ ಬಾಯಿಂದ ಒಂದೇ ಒಂದು ಜಗಳ ಆಯ್ತು ಅಂತ ನನ್ ಕಿವಿಗೆ ಬಿತ್ತೋ, ಅವತ್ತೇ ಪೆಟ್ಟಿಗೆ ಕಟ್ಕಂಡು ಬರ್ಬೇಕು. ಬರೋ ಮಾಘದಲ್ಲಿ ಮದ್ವೆ."

ಎರಡನೇ ತಿಂಗಳಿಗೇ ಜಗಳವಾಯಿತು! ಬೆಲ್ಲದ ಮಂಡಿಯ ಯಜಮಾನರೊಬ್ಬರ ಮಗಳು ನನ್ನ ತರಗತಿಯಲ್ಲಿದ್ದಳು. ಚೂಟಿ ಹುಡುಗಿ, ಆದರೆ ವಾರಕ್ಕೆ ಎರಡು ದಿನ ಬಂದರೆ ಹೆಚ್ಚು. ದಿನಾ ಕಳಿಸಿ ಎಂದು ಒಂದು ಚೀಟಿ ಬರೆದು ಕೊಟ್ಟೆ. ಮಾರನೇ ದಿನ ಯಜಮಾನರು ಶಲ್ಯ ಹೊದ್ದುಕೊಂಡು ನೇರವಾಗಿ ತರಗತಿಯೊಳಕ್ಕೇ ಬಂದರು.

"ಏಯ್ ಮೇಷ್ಟ್ರಮ್ಮ! ನನ್ ಮಗ್ಳು ಮನಸ್ ಬಂದ್ರೆ ಬತ್ತಾಳೆ, ಇಲ್ದಿದ್ರೆ ಇಲ್ಲ. ಚೀಟಿ ಗೀಟಿ ಬರ್ಯಕ್ಕೆ ನೀನ್ಯಾವಳು? ಗಂಡಿಲ್ಲ ಮಕ್ಕಳಿಲ್ಲ, ಮಕ್ಕಳ್ನ ಸಾಕೋದು ನಂಗೆ ಏಳ್ಕೊಡಕ್ಕೆ ಬಂದ್ಬುಟ್ಳು!"

ನನ್ನ ನಾಲಗೆ ನನ್ನನ್ನು ಕೇಳಲೇ ಇಲ್ಲ. "ಒಂದನೇ ಕ್ಲಾಸಲ್ಲಿ ಜಾಗ ಖಾಲಿ ಇದೆ ಯಜಮಾನರೇ. ಒಂದು ಸ್ಲೇಟು ತಗೊಂಡು ನೀವೇ ಬಂದು ಕೂತ್ಕೊಳ್ಳಿ. ಮೊದಲು ಮಾತಾಡೋದು ಕಲಿಸ್ತೀನಿ," ಎಂದುಬಿಟ್ಟೆ.

ನಲವತ್ತು ಹುಡುಗಿಯರೂ ಘೊಳ್ಳೆಂದು ನಕ್ಕರು. ಆ ನಗು ಕೇಳಿ ನನಗೆ ಎಷ್ಟು ಖುಷಿಯಾಯಿತು ಎಂದರೆ, ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಯಜಮಾನರ ಮುಖ ಕಪ್ಪಿಟ್ಟಿತು. ಸಂಜೆ ಹೆಡ್‌ಮೇಷ್ಟ್ರು ನನ್ನನ್ನು ಕರೆದು, ಇನ್ನೊಂದು ಸಲ ಹೀಗಾದರೆ ತಾವು ಮೇಲಕ್ಕೆ ಬರೆಯಲೇಬೇಕಾಗುತ್ತದೆ, ಹಂಗಾಮಿ ಕೆಲಸ ಅಲ್ಲಿಗೆ ಮುಗಿಯುತ್ತದೆ ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದಕ್ಕೇ ಹೆಚ್ಚು ಭಯವಾಯಿತು.

ಮನೆಗೆ ಬಂದು ಮಾವನ ಮುಂದೆ ಎಲ್ಲವನ್ನೂ ಹೇಳಿ, "ನಂದೇನು ತಪ್ಪು ಹೇಳಿ ಮಾವ? ಬೈದಿದ್ದು ಅವರು!" ಎಂದೆ. ಮಾವ ತಪ್ಪು ಸರಿ ಏನೂ ಹೇಳಲಿಲ್ಲ. ಭಾನುವಾರ ಬಸ್‌ಸ್ಟ್ಯಾಂಡಿಗೆ ಬಾ ಎಂದರು ಅಷ್ಟೇ.

ಭಾನುವಾರ ಮಾವನ ಪಕ್ಕದ ಬೆಂಚಿನಲ್ಲಿ ನಾನು ಕೂತೆ. ಚಾಮರಾಜನಗರದ ಬಸ್ಸು ಬಂದಿರಲಿಲ್ಲ. ಅದರಾಚೆಯ ಚಂದಕವಾಡಿಗೆ ಹೋಗಬೇಕಾದ ರೈತನೊಬ್ಬ ಬಂದು ಹಿಡಿದುಕೊಂಡ ನೋಡಿ! "ನಿಮ್ ಬಸ್ಸಿಗೆ ಬೆಂಕಿ ಬೀಳ! ನಿನ್ ಬಾಯಿಗೆ ಮಣ್ಣಾಕ! ಒತ್ತಾರೆಯಿಂದ ಬತ್ತದೆ ಬತ್ತದೆ ಅಂತ ಕೂರ್ಸಿದ್ದೀಯಲ್ಲೋ!" ನನಗೆ ಮೈಯೆಲ್ಲ ಉರಿಯಿತು. ನಾನು ಏಳುವುದಕ್ಕೆ ಮೊದಲೇ ಮಾವ ಕನ್ನಡಕ ತೆಗೆದು, ಮೊಣಕೈಯಿಂದ ನನ್ನನ್ನು ತಿವಿದು, "ಮಾತು ಕೇಳ್ಬ್ಯಾಡ, ದನಿ ಕೇಳು," ಎಂದು ಪಿಸುಗುಟ್ಟಿದರು. ಆಮೇಲೆ ಆ ರೈತನ ಕಡೆ ತಿರುಗಿ ಕೇಳಿದರು:

"ಮನೇಲಿ ಯಾರ್ಗಪ್ಪ ಉಸಾರಿಲ್ಲ?"

ಆ ಮನುಷ್ಯ ಬೈಗುಳ ಬಿಟ್ಟು ಇದ್ದದ್ದನ್ನು ಹೇಳಿದ. ಮನೆಯಲ್ಲಿ ಹೆಂಡತಿಗೆ ನೋವು ಶುರುವಾಗಿದೆ, ಚೊಚ್ಚಲು. ಅವಳ ತಾಯಿಯನ್ನು ಕರೆದೊಯ್ಯಲು ಬಂದಿದ್ದಾನೆ. ಆ ಅಜ್ಜಿ ಗಂಟಿನ ಮೇಲೆ ಕೂತು ದೇವರ ಹೆಸರು ಹೇಳುತ್ತಿದ್ದಾಳೆ. ಮಾವ ಎದ್ದು ಓಡಿ, ಚಾಮರಾಜನಗರಕ್ಕೆ ಹೊರಟಿದ್ದ ವೀಳ್ಯದೆಲೆಯ ಲಾರಿಯನ್ನು ತಡೆದು ನಿಲ್ಲಿಸಿ, ಅಜ್ಜಿಯನ್ನು ಡ್ರೈವರನ ಪಕ್ಕ ಕೂರಿಸಿ, ಅವನನ್ನು ಹಿಂದೆ ಹತ್ತಿಸಿದರು. ಲಾರಿ ಹೊರಟಿತು. ಅವನಿಗೆ ಬೈಗುಳದಿಂದ ಹರಕೆಗೆ ಅಷ್ಟು ಬೇಗ ನಾಲಗೆ ಹೊರಳಲಿಲ್ಲ. "ನಿನ್ ಮನೆ ಆಳಾಗ, ನೂರ್ಕಾಲ ಬಾಳಪ್ಪೋ!" ಎಂದು ಕೂಗುತ್ತಲೇ ಹೋದ.

ಸಂಜೆ ನೋಡಿದರೆ ಮಾವ ಮತ್ತೆ ಬಾವಿಯ ಹತ್ತಿರ! ನಾನು ಬಿಡಲಿಲ್ಲ. "ಅವನ ಕಷ್ಟ ಗೊತ್ತಾಯ್ತಲ್ಲ ಮಾವ, ಆದರೂ ಯಾಕೆ ಸೇದ್ತೀರಿ?"

"ಗೊತ್ತಾದ್ರೂ ಚುಚ್ತದೆ ಕಣಮ್ಮಿ. ಕಾಲಿಗೆ ಚುಚ್ಚಿದ್ದು ಯಾವ ಗಿಡದ ಮುಳ್ಳು ಅಂತ ಗೊತ್ತಾದ್ರೆ ನೋವು ಓಯ್ತದಾ?" ಕೊಡ ಎತ್ತಿ ತೊಟ್ಟಿಗೆ ಸುರಿದು ಮತ್ತೆ ಹಗ್ಗ ಬಿಟ್ಟರು. "ಕ್ವಾಪ ಇರೋದು ತೋಳಲ್ಲಿ. ನಾಲ್ಗೆ ಸುಮ್ನೆ ಮಧ್ಯೆ ಬಾಯಾಕ್ತದೆ. ತೋಳಿಗೆ ಕೆಲ್ಸ ಕೊಟ್ಬುಟ್ರೆ ನಾಲ್ಗೆ ತನ್ ಪಾಡಿಗೆ ತಾನು ಊಟ ಮಾಡ್ಕಂಡು ಮನಿಕತದೆ."

ಎಷ್ಟು ಸುಲಭ! ನಾನೂ ಮಾಡಬಲ್ಲೆ ಅಂದುಕೊಂಡೆ. ಮೂರು ವಾರ ಕಳೆಯಿತೋ ಇಲ್ಲವೋ, ಬೆಲ್ಲದ ಯಜಮಾನರು ಮತ್ತೆ ತರಗತಿಯ ಬಾಗಿಲಿಗೆ ಬಂದು ನಿಂತರು. ಮಗಳು ಅಷ್ಟು ದಿನದಿಂದ ಶಾಲೆಗೆ ಬಂದಿರಲಿಲ್ಲ. ಈ ಸಲ ಅವರು ಆಡಿದ ಮಾತುಗಳನ್ನು ನಾನಿಲ್ಲಿ ಬರೆಯುವುದಿಲ್ಲ. ಒಂದೊಂದೂ ಹತ್ತು ಕೊಡದ ಮಾತು. ಪಕ್ಕದ ತರಗತಿಯವರು ಕಿಟಕಿಗೆ ಬಂದು ನಿಂತರು. ನನ್ನ ನಾಲಗೆಯ ತುದಿಗೆ ಒಳ್ಳೊಳ್ಳೆ ಉತ್ತರಗಳು ಬಂದು ನೂಕಾಡುತ್ತಿದ್ದವು. ಒಂದು ಹೊರಗೆ ಬಿದ್ದರೂ ಕೆಲಸ ಹೋಯಿತು, ಪೆಟ್ಟಿಗೆ, ಮಾಘ, ಮದುವೆ! ಮಾವನ ಹಾಗೆ ತೆಗೆಯೋಣವೆಂದರೆ ನನಗೆ ಕನ್ನಡಕವೇ ಇಲ್ಲ. ಏನು ಮಾಡಲಿ? ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಹುಡುಗಿಯರು ಪ್ರಾರ್ಥನೆ ಎಂದುಕೊಂಡು ಎದ್ದು ನಿಂತು ಕೈಮುಗಿದರು! ಯಜಮಾನರೂ ತಬ್ಬಿಬ್ಬಾಗಿ ಒಂದು ಕ್ಷಣ ನಿಲ್ಲಿಸಿದರು. ಮತ್ತೆ ಶುರು ಮಾಡಿದಾಗ ನಾನು ಮಾತು ಬಿಟ್ಟು ದನಿ ಕೇಳಿದೆ. ಆ ದನಿ ನಡುಗುತ್ತಿತ್ತು. ಇಷ್ಟು ದೊಡ್ಡ ಮನುಷ್ಯ ಈ ಪುಟ್ಟ ಹೆಣ್ಣುಮಕ್ಕಳ ಮುಂದೆ ಯಾಕೆ ನಡುಗುತ್ತಾರೆ?

ಕಣ್ಣು ಬಿಟ್ಟು ಕೇಳಿದೆ: "ಯಜಮಾನರೇ, ಮನೇಲಿ ಏನಾಯ್ತು?"

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ದನಿ ಇಳಿಯಿತು. "ಅವತ್ತು ನೀನು ಅಂದ್ಯಲ್ಲ ತಾಯಿ, ಸ್ಲೇಟ್ ತಗಂಡು ಬಾ ಅಂತ. ನಂಗೆ ಓದಕ್ಕೆ ಬರಕಿಲ್ಲ. ಗುಮಾಸ್ತೆ ಬರೀತಾನೆ, ನಾನು ಎಬ್ಬೆಟ್ಟೊತ್ತೀನಿ. ಅದು ನನ್ ಮಗ್ಳಿಗೆ ಗೊತ್ತಿರ್ನಿಲ್ಲ. ಅವತ್ತು ಮನೇಲಿ, ಅಪ್ಪ ನಿಂಗೆ ಓದಕ್ಕೆ ಬತ್ತದಾ ಅಂತ ಕೇಳ್ಬುಟ್ಳು, ಈಗ ಗೊತ್ತಾಗ್ಬುಟ್ಟದೆ. ಅವಳ ಮೊಕ ನೋಡಕ್ಕೆ ಆಗಕಿಲ್ಲ ನಂಗೆ."

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವರ ಬೈಗುಳ ನನಗೆ ಎಷ್ಟು ತಾಗಿತ್ತೋ ಏನೋ, ನನ್ನ ಒಂದು ಮಾತು ಒಬ್ಬ ತಂದೆಗೂ ಮಗಳಿಗೂ ನಡುವೆ ಹೋಗಿ ಕೂತಿತ್ತು. ನಲವತ್ತು ಹುಡುಗಿಯರನ್ನು ನಗಿಸಿದ್ದೆನಲ್ಲ, ಅದೇ ನಲವತ್ತು ಹುಡುಗಿಯರ ಮುಂದೆ ಕೈಮುಗಿದು, "ತಪ್ಪು ನಂದು, ಆ ಮಾತು ಆಡಬಾರದಿತ್ತು," ಎಂದೆ. ನೀವು ಕಲಿಯದಿದ್ದರೂ ಮಗಳನ್ನು ಕಳಿಸಿದಿರಿ, ಅದು ದೊಡ್ಡದು ಎಂದೂ ಹೇಳಿದೆ. ಅವರು ಶಲ್ಯದಿಂದ ಮುಖ ಒರೆಸಿಕೊಂಡು ಹೊರಟುಹೋದರು. ಮಾರನೇ ದಿನ ಹುಡುಗಿ ಬಂದಳು, ಆಮೇಲೆ ತಪ್ಪಿಸಲೇ ಇಲ್ಲ. ಹೆಡ್‌ಮೇಷ್ಟ್ರು ಮೇಲಕ್ಕೆ ಏನೂ ಬರೆಯಲಿಲ್ಲ.

ಅವತ್ತು ಸಂಜೆ ನಾನೇ ಬಾವಿಗೆ ಹೋದೆ. ಹದಿನಾಲ್ಕು ಕೊಡ! ಕೋಪ ಯಜಮಾನರ ಮೇಲೋ, ನನ್ನ ಮೇಲೋ, ಗೊತ್ತಿಲ್ಲ. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮಾವ ಬಂದು ಹರಳೆಣ್ಣೆ ಹಚ್ಚಿದರು. ಅತ್ತೆ ಅಡುಗೆಮನೆಯಿಂದ ತಲೆ ಹೊರಗೆ ಹಾಕಿ, "ಇನ್ಮೇಲೆ ಇಬ್ಬಿಬ್ರು! ನಾನಂತೂ ಈ ಜನ್ಮದಲ್ಲಿ ಇನ್ ಹಗ್ಗ ಮುಟ್ಟಕಿಲ್ಲ ಕಣಪ್ಪ," ಎಂದರು.

ಆದರೆ ಮಾತಿಗೆ ಕಾಲು ಬರುತ್ತದಲ್ಲ. ಮಾವನ ಬಸ್ಸು ಹೊತ್ತಿಗೆ ಸರಿಯಾಗಿ ಎಂದೂ ಚಾಮರಾಜನಗರ ಮುಟ್ಟಿದ್ದಿಲ್ಲ, ಅದರಲ್ಲಿ ಕೂತು ಹೋದ ಸುದ್ದಿ ಮಾತ್ರ ಮುಟ್ಟಿತು. ಅದೂ ಯಾವ ರೀತಿ! ಶಾಲೆಯಲ್ಲಿ ನಿಮ್ಮ ಮಗಳಿಗೂ ಮಂಡಿಯವರಿಗೂ ಎರಡು ಸಲ ದೊಡ್ಡ ರಂಪವಾಯಿತಂತೆ ಎಂದು ಯಾರೋ ಅಂಗಡಿಯಲ್ಲಿ ಹೇಳಿದರು. ಭಾನುವಾರ ಬೆಳಗಿನ ಬಸ್ಸಿಗೆ ಅಪ್ಪ ಬಂದಿಳಿದರು, ಬಸ್‌ಸ್ಟ್ಯಾಂಡಿನಿಂದ ಮಾವನೇ ಮನೆಗೆ ಕರೆತಂದರು. ಕೈಯಲ್ಲಿ ನನ್ನ ಪೆಟ್ಟಿಗೆ ಕಟ್ಟುವುದಕ್ಕೆ ಹಗ್ಗ ಕೂಡ ತಂದಿದ್ದರು.

ನಮ್ಮಲ್ಲಿ ಅಕ್ಕನ ಗಂಡನೆಂದರೆ ಮನೆದೇವರಿಗಿಂತ ಒಂದು ಕೈ ಮೇಲು. ಮಾವ ತಮ್ಮ ಜೀವಮಾನದಲ್ಲಿ ಅಪ್ಪನ ಎದುರು ಕೂತು ಮಾತಾಡಿದವರಲ್ಲ. ಅವತ್ತೂ ಅಪ್ಪನನ್ನು ಚಾಪೆಯ ಮೇಲೆ ಕೂರಿಸಿ, ತಾವು ಕಂಬದ ಹತ್ತಿರ ಕೈಕಟ್ಟಿ ನಿಂತರು. ಅಪ್ಪ ಶುರು ಮಾಡಿದರು.

"ಹೆಣ್ಣುಮಗೀನ ನಿನ್ನ ನಂಬಿ ಕಳ್ಸುದ್ರೆ ಬೀದೀಲಿ ನಿಲ್ಲಿಸಿ ಬೈಸ್ತಿದ್ದೀಯೇನಯ್ಯ? ನಿಂಗೇನು! ಊರೋರ್ ಕೈಲೆಲ್ಲ ಬೈಸ್ಕಂಡು ಬದ್ಕೋನು. ಮಾನ ಅಂದ್ರೆ ಏನು ಅಂತ ನಿಂಗೆ ಗೊತ್ತಿದ್ರೆ ತಾನೇ?"

ಅತ್ತೆ ಬಾಗಿಲ ಮರೆಯಲ್ಲಿ ತುಟಿ ಕಚ್ಚಿ ನಿಂತಿದ್ದರು. ಮಾವ ತಲೆ ಬಗ್ಗಿಸಿ ಕೇಳಿದರು. ಎಲ್ಲ ಆಯಿತೇ ಎಂದು ಕೂಡ ಕೇಳಲಿಲ್ಲ. ಅಪ್ಪ ಆಮೇಲೆ ನನ್ನ ಕಡೆ ತಿರುಗಿದರು.

"ಏಳು. ಪೆಟ್ಟಿಗೆ ಕಟ್ಟು. ಬಾಯಿಬಡುಕಿ! ನೀನು ಯಾವ ಮನೇಲಿ ಬಾಳೀಯೆ? ನಿನ್ನ ಹೆತ್ತಿದ್ದೇ ತಪ್ಪಾಯ್ತು ನಂಗೆ."

ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಏನು ಬರುತ್ತಿತ್ತೋ! ಕಣ್ಣು ಮುಚ್ಚಿದೆ, ಆದರೆ ಅದು ನಮ್ಮಪ್ಪನ ದನಿ, ಎಷ್ಟು ಕೇಳಿದರೂ ನನಗೆ ಬರೀ ಆ ಮಾತೇ ಕೇಳಿಸುತ್ತಿತ್ತು. ಎದ್ದು ಪೆಟ್ಟಿಗೆಯ ಕಡೆ ಹೆಜ್ಜೆ ಇಟ್ಟೆ.

"ಕೂತ್ಕೋ ಕಣಮ್ಮಿ," ಎಂದರು ಮಾವ.

ಹಾಗೆಂದು, ಅವರೂ ಬಂದು ಕೂತರು. ಅಪ್ಪನ ಪಕ್ಕದಲ್ಲಿ, ಅದೇ ಚಾಪೆಯ ಮೇಲೆ! ಅತ್ತೆ ಬಾಗಿಲ ಮರೆಯಿಂದ ಈಚೆಗೇ ಬಂದುಬಿಟ್ಟರು. ಅಪ್ಪನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ ಒಂದಿಷ್ಟು ಸರಿದು ಜಾಗ ಕೊಟ್ಟರು.

"ಭಾವ," ಎಂದರು ಮಾವ. "ನನ್ನ ಎಷ್ಟಾದ್ರೂ ಬಯ್ರಿ. ಬೈಸ್ಕಳದು ನನ್ ಕೆಲ್ಸ, ಅದ್ಕೇ ಅಲ್ಲಿ ಕುಂತಿದ್ದೀನಿ. ಆದ್ರೆ ಎತ್ತಿದ್ದೇ ತಪ್ಪಾಯ್ತು ಅಂತ ಈ ಮಗೀಗೆ ಅನ್ಬ್ಯಾಡಿ. ಅದು ಕೂಡಕಿಲ್ಲ. ನಾನು ಆಡಕ್ಕೆ ಬುಡಕಿಲ್ಲ." ಅವರ ದನಿ ಏರಿತ್ತು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅವಳು ಜಗಳ ಆಡ್ನಿಲ್ಲ ಭಾವ. ತಪ್ಪಾಯ್ತು ಅಂದವ್ಳೆ, ನಲವತ್ತು ಮಕ್ಕಳ ಮುಂದೆ. ನೀವು ಅಂದಿದ್ದೀರಾ ಯಾವತ್ತಾದ್ರೂ? ನಾನ್ ಅಂದಿದ್ದೀನಾ?"

ಮಾವ ದನಿ ತಗ್ಗಿಸಿದರು.

"ನಿಮ್ ದನೀಲಿ ಕ್ವಾಪ ಇಲ್ಲ ಭಾವ. ಬಸ್‌ಸ್ಟ್ಯಾಂಡಲ್ಲಿ ದಿನಾ ಕೇಳ್ತೀನಲ್ಲ, ನಂಗೆ ಗೊತ್ತಾಯ್ತದೆ. ಇನ್ನೇನೋ ಅದೆ. ಅದ್ನ ಏಳ್ಬುಡಿ, ಅವಳೂ ಕೇಳಿಸ್ಕಳ್ಲಿ."

ಅಪ್ಪ ತಂದಿದ್ದ ಹಗ್ಗವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು. ಕೊನೆಗೆ ನನ್ನನ್ನು ನೋಡದೆ, ಮಾವನಿಗೆ ಹೇಳುವ ಹಾಗೆ ಹೇಳಿದರು.

"ಸಂಜೆ ಅಂಗಡಿ ಬಾಗ್ಲಾಕಿ ಮನೆಗೆ ಓಯ್ತೀನಿ ಕಣಯ್ಯ. ಏನಾದ್ರೂ ಅಂತೀನಿ. ಎಲ್ರೂ ತಲೆ ಬಗ್ಗುಸ್ಕಂಡು ಸುಮ್ಕಾಗ್ಬುಡ್ತಾರೆ. ಯಾರೂ ಎದ್ರು ಮಾತಾಡೋರೇ ಇಲ್ಲ. ಇವಳು ಇದ್ದಾಗ ಅದು ಮನೆ ಇದ್ದಂಗಿತ್ತು."

ನಮ್ಮಪ್ಪ! ನನ್ನ ಬಾಯಿಯನ್ನು ಹೊಲಿಯಬೇಕು ಎಂದು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದ ಅಪ್ಪ! ನಾನು ಅಳುವುದೋ ನಗುವುದೋ ತಿಳಿಯದೆ, "ಹದಿನೈದು ದಿನಕ್ಕೊಂದ್ಸಲ ಬಂದು ಜಗಳ ಆಡಿ ಹೋಗ್ತೀನಿ ಬಿಡಿ ಅಪ್ಪ," ಎಂದೆ. ಅಪ್ಪ ಮೂಗು ಒರೆಸಿಕೊಂಡು, "ಶನಿವಾರದ ಬಸ್ಸಿಗೇ ಬಂದ್ಬುಡು, ಭಾನುವಾರ ಸಾಲಕಿಲ್ಲ," ಎಂದರು. ಅತ್ತೆಯ ಕೈಯಲ್ಲಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾ‌ಕಿಸಿಕೊಂಡು ತಿಂದು, ಉಪ್ಪು ಜಾಸ್ತಿ ಎಂದು ಬೈದು, ಮಧ್ಯಾಹ್ನದ ಬಸ್ಸಿಗೆ ಒಬ್ಬರೇ ಹೊರಟರು. ನಾನು ಉಳಿದೆ. ಆಮೇಲೆ ಕೆಲಸ ಖಾಯಂ ಆಯಿತು. ಮೂವತ್ತು ಚಿಲ್ಲರೆ ವರ್ಷ ಆ ಸೀಮೆಯ ಹೆಣ್ಣುಮಕ್ಕಳಿಗೆ ಪಾಠ ಹೇಳಿದೆ. ಇವತ್ತು ನಾನು ತಿನ್ನುವ ಅನ್ನ, ನನ್ನನ್ನು ದಾರಿಯಲ್ಲಿ ಕಂಡು ನಿಲ್ಲಿಸಿ ಮಾತಾಡಿಸುವ ಮಕ್ಕಳು ಮೊಮ್ಮಕ್ಕಳು, ಎಲ್ಲವೂ ಆ ಒಂದು ಬೆಳಿಗ್ಗೆ ಉಳಿದದ್ದು.

ಅಪ್ಪನನ್ನು ಬಸ್ಸು ಹತ್ತಿಸಿ ಮಾವನೂ ನಾನೂ ನಡೆದು ಬರುತ್ತಿದ್ದೆವು. ಅರ್ಧ ದಾರಿಯಲ್ಲಿ ಮಾವ ಒಂದು ಜಗಲಿಯ ಮೇಲೆ ಕೂತುಬಿಟ್ಟರು. ನೋಡಿದರೆ ಕೈ ಎರಡೂ ನಡುಗುತ್ತಿವೆ. ಯಾವ ಊರಿನವರು ಯಾವ ಭಾಷೆಯಲ್ಲಿ ಬೈದರೂ ಅಲುಗದ ಮನುಷ್ಯ ತಪ್ಪು ಮಾಡಿದ ಮಗುವಿನ ಹಾಗೆ ನನ್ನ ಮುಖ ನೋಡಿ ಕೇಳಿದರು:

"ಭಾವನ್ಗೆ ನೋವಾಗಂಗೆ ಮಾತಾಡ್ಬುಟ್ನೇನಮ್ಮಿ?"

ಅವರಿಗೂ ಎಷ್ಟೋ ಉತ್ತರಗಳು ಬರುತ್ತಿದ್ದವು ಎಂದು ನನಗೆ ಆಗ ಗೊತ್ತಾಯಿತು. ತಮಗಾಗಿ ಒಂದನ್ನೂ ಆಡದೆ, ಆಡಿದ್ದೊಂದನ್ನು ನನಗಾಗಿ ಆಡಿದ್ದರು. ಇಲ್ಲ ಮಾವ, ನೀವು ನನ್ನನ್ನು ಉಳಿಸಿದಿರಿ ಎಂದು ಹೇಳಬೇಕಿತ್ತು. ಆ ನಡುಗುವ ಎರಡು ಕೈಗಳನ್ನೂ ಹಿಡಿದುಕೊಂಡು, ಅವು ನಿಲ್ಲುವವರೆಗೆ, ಜಗಲಿಯ ಮೇಲೆ ಅವರ ಪಕ್ಕದಲ್ಲಿ ಕೂತಿದ್ದೆ.